ಕಾರ್ಡ್ ಬದಲಾದದ್ದು ಸೋಲೋದಲ್ಲೇ ಕೇಳಿಸಬೇಕು

ರಾಕಬಿಲಿ (ಕಂಟ್ರಿ ಮತ್ತು ಬ್ಲೂಸ್ ಬೆರೆತ 1950ರ ದಶಕದ ರಾಕ್ ಶೈಲಿ) ಗಿಟಾರ್ ಕಲಿಯಬೇಕು ಅಂತ ಬರುವವರಲ್ಲಿ ಹೆಚ್ಚಿನವರ ಬೆರಳು ಆಗಲೇ ಚೆನ್ನಾಗಿ ಓಡುತ್ತಿರುತ್ತದೆ. ಐದನೇ ಫ್ರೆಟ್‌ನ ಎ ಮೈನರ್ ಪೆಂಟಟಾನಿಕ್ (ಐದು ಸ್ವರದ ಸ್ಕೇಲ್) ಅವರಿಗೆ ಕಣ್ಣು ಮುಚ್ಚಿದರೂ ಬರುತ್ತದೆ. ಬ್ಯಾಕಿಂಗ್ ಟ್ರ್ಯಾಕ್ ಹಾಕಿದರೆ 12 ಬಾರ್ (ಬಾರ್‌ಗೆ ನಾಲ್ಕು ಬೀಟ್, ಹನ್ನೆರಡು ಬಾರ್‌ಗೆ ಒಂದು ಸುತ್ತು) ಪೂರ್ತಿ ಆ ಒಂದೇ ಚೌಕದೊಳಗೆ ಸುತ್ತುತ್ತಾರೆ. ಇಂಥ ಕಡೆ ತಪ್ಪಾಯಿತು ಅಂತ ತೋರಿಸುವ ಹಾಗೆ ಏನೂ ಇರುವುದಿಲ್ಲ. ಆದರೂ ಕೇಳಿದರೆ ರಾಕಬಿಲಿ ಅನ್ನಿಸುವುದಿಲ್ಲ. ಆಮೇಲೆ ಶುರುವಾಗುತ್ತದೆ: ಗ್ರೆಚ್ ಗಿಟಾರ್ ತಗೊಳ್ಳಬೇಕಾ, ಎಕೋ ಪೆಡಲ್ ಯಾವುದು ಒಳ್ಳೆಯದು, ಬಿಗ್ಸ್‌ಬಿ (ಸ್ವರ ಅಲುಗಿಸುವ ಹಿಡಿ) ಇಲ್ಲದಿದ್ದರೆ ನಡೆಯುತ್ತದಾ?

ಆಗ ನಾನು ಟ್ರ್ಯಾಕ್ ನಿಲ್ಲಿಸಿ, ಅದೇ ಸೋಲೋವನ್ನು ಒಬ್ಬರೇ ನುಡಿಸಿ ಅನ್ನುತ್ತೇನೆ. ಹಿಂದೆ ಬೇಸ್ ಇಲ್ಲ, ಡ್ರಮ್ಸ್ ಇಲ್ಲ. ಎ7 ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಎಲ್ಲಿ ಮುಗಿಯಿತು, ಡಿ7 ಎಲ್ಲಿ ಬಂತು ಅಂತ ಕೇಳುವವನಿಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಯಾವ ಪೆಡಲ್ ಕೊಂಡರೂ ಉಪಯೋಗವಿಲ್ಲ.

ಇದು ನನ್ನ ಹಟ ಅಂದುಕೊಳ್ಳಬೇಡಿ. ಈ ಸಂಗೀತ ಹುಟ್ಟಿದ್ದೇ ಹಾಗೆ. 1954ರ ಜುಲೈನಲ್ಲಿ ಮೆಂಫಿಸ್‌ನಲ್ಲಿ, ಸ್ಯಾಮ್ ಫಿಲಿಪ್ಸ್ ಅವರ ಸ್ಟುಡಿಯೋದಲ್ಲಿ ಎಲ್ವಿಸ್ ಪ್ರೆಸ್ಲಿ ತಮ್ಮ ಮೊದಲ ಸನ್ (ಫಿಲಿಪ್ಸ್ ಅವರ ಕಂಪನಿ) ರೆಕಾರ್ಡ್‌ಗೆ ಹಾಡಿದಾಗ ಅಲ್ಲಿದ್ದದ್ದು ಮೂರೇ ವಾದ್ಯ. ಎಲ್ವಿಸ್ ಕೈಯಲ್ಲಿ ಅಕೂಸ್ಟಿಕ್ ಗಿಟಾರ್, ಸ್ಕಾಟಿ ಮೂರ್ ಹತ್ತಿರ ಎಲೆಕ್ಟ್ರಿಕ್ ಗಿಟಾರ್, ಬಿಲ್ ಬ್ಲ್ಯಾಕ್ ಹತ್ತಿರ ಡಬಲ್ ಬೇಸ್. ಡ್ರಮ್ಸ್ ಕೂಡ ಇರಲಿಲ್ಲ. ಸ್ಕಾಟಿ ಸೋಲೋಗೆ ಹೋದರೆ ಹಿಂದೆ ಉಳಿಯುತ್ತಿದ್ದದ್ದು ಒಂದು ಅಕೂಸ್ಟಿಕ್ ರಿದಮ್, ಒಂದು ಬೇಸ್. ಅಷ್ಟು ತೆಳುವಾದ ಕಡೆ ಸೋಲೋ ತನ್ನ ಪಾಡಿಗೆ ತಾನು ಎಲ್ಲೋ ಅಲೆದಾಡಿದರೆ ಹಾಡೇ ಟೊಳ್ಳಾಗುತ್ತದೆ. ಹಾಗಾಗಿ ಆ ಕಾಲದವರು ಸೋಲೋದೊಳಗೇ ಕಾರ್ಡ್ ಇಟ್ಟು ನುಡಿಸಿದರು. ಸ್ಕಾಟಿಗೆ ಮಾದರಿಯಾಗಿದ್ದವರು ಮರ್ಲ್ ಟ್ರಾವಿಸ್, ಚೆಟ್ ಅಟ್ಕಿನ್ಸ್ ಥರದ ಕಂಟ್ರಿ ಗಿಟಾರಿಸ್ಟರು. ಹೆಬ್ಬೆರಳಲ್ಲಿ ಬೇಸ್, ಉಳಿದ ಬೆರಳಲ್ಲಿ ಹಾಡು. ಅವರ ಎಡಗೈ ಯಾವಾಗಲೂ ಯಾವುದೋ ಒಂದು ಕಾರ್ಡ್ ಹಿಡಿದೇ ಇರುತ್ತಿತ್ತು. ಅದರ ಗುಣ ಸೋಲೋಗೂ ಬಂತು.

ಸರಿ, ಗಿಟಾರ್ ತಗೊಳ್ಳಿ. ನಾಲ್ಕನೇ ತಂತಿಯ 5ನೇ ಫ್ರೆಟ್, ಮೂರನೇ ತಂತಿಯ 6ನೇ ಫ್ರೆಟ್ ಹಿಡಿಯಿರಿ. ತೆಳ್ಳಗಿನ ತಂತಿ ಒಂದನೆಯದು ಅಂತ ಲೆಕ್ಕ. ನಾಲ್ಕನೇ ತಂತಿಯಲ್ಲಿ ಸಿಗುವುದು ಜಿ, ಮೂರನೆಯದರಲ್ಲಿ ಸಿ ಶಾರ್ಪ್. ಎರಡನ್ನೂ ಒಟ್ಟಿಗೆ ಮೀಟಿ. ಎ7 ಕಾರ್ಡ್‌ನಲ್ಲಿ ಮೂರನೇ ಸ್ವರ ಸಿ ಶಾರ್ಪ್, ಏಳನೇ ಸ್ವರ ಜಿ. ಎ ಸ್ವರವನ್ನು ನೀವು ಮುಟ್ಟಿಯೇ ಇಲ್ಲ, ಆದರೂ ಎ7 ಕೇಳಿಸುತ್ತದೆ. ಈಗ ಅದೇ ಹಿಡಿತವನ್ನು ಒಂದು ಫ್ರೆಟ್ ಕೆಳಗೆ, ಅಂದರೆ 4 ಮತ್ತು 5ಕ್ಕೆ ಇಳಿಸಿ. ಎಫ್ ಶಾರ್ಪ್ ಮತ್ತು ಸಿ. ಅದು ಡಿ7ನ ಮೂರನೇ ಮತ್ತು ಏಳನೇ ಸ್ವರ. ಮತ್ತೆ ಎ7ಗೆ ಬನ್ನಿ, ಈ ಸಲ ಒಂದು ಫ್ರೆಟ್ ಮೇಲಕ್ಕೆ, 6 ಮತ್ತು 7ಕ್ಕೆ ಹೋಗಿ. ಜಿ ಶಾರ್ಪ್ ಮತ್ತು ಡಿ. ಇ7 ಬಂತು.

ಎ ಕೀಯ (ಎ ಮೂಲ ಸ್ವರವಾಗಿರುವ ಹಾಡಿನ) ಮೂರು ಮುಖ್ಯ ಕಾರ್ಡ್‌ಗಳೂ ಮೂರು ಫ್ರೆಟ್ ಒಳಗೆ ಸಿಕ್ಕವು. ಒಂದು ಫ್ರೆಟ್ ಇಳಿದರೆ ಡಿ7, ಒಂದು ಫ್ರೆಟ್ ಹತ್ತಿದರೆ ಇ7. ನನ್ನನ್ನು ಕೇಳಿದರೆ ರಾಕಬಿಲಿ ಸೋಲೋ ಕಲಿಕೆಯ ಅರ್ಧ ಭಾಗ ಇಲ್ಲೇ ಇದೆ. ಮೂರು ಕಾರ್ಡ್‌ಗೆ ಮೂರು ಸ್ಕೇಲ್ ಉರು ಹೊಡೆಯುವುದಕ್ಕಿಂತ ಇದು ಎಷ್ಟೋ ಬೇಗ ಕೈಗೆ ಹತ್ತುತ್ತದೆ.

ಬೇಗ ಹತ್ತಲೇಬೇಕು, ಯಾಕೆಂದರೆ ಟೈಮ್ ಇರುವುದಿಲ್ಲ. ನಿಮಿಷಕ್ಕೆ 180 ಬೀಟ್ ಇರುವ ಹಾಡಿನಲ್ಲಿ 12 ಬಾರ್ ಮುಗಿಯಲು ಬೇಕಾಗುವುದು 16 ಸೆಕೆಂಡ್. ಡಿ7 ಇರುವ 5 ಮತ್ತು 6ನೇ ಬಾರ್ ಮೂರು ಸೆಕೆಂಡ್ ಒಳಗೆ ಮುಗಿದು ಹೋಗುತ್ತವೆ. 'ಈಗ ಡಿ ಮಿಕ್ಸೊಲಿಡಿಯನ್ ಸ್ಕೇಲ್‌ಗೆ ಹೋಗಬೇಕು' ಅಂತ ಯೋಚಿಸುವಷ್ಟರಲ್ಲಿ ಎ7 ವಾಪಸ್ ಬಂದಿರುತ್ತದೆ.

ಆ ಎರಡು ಸ್ವರ ಗುರಿ ಇದ್ದ ಹಾಗೆ. ಉಳಿದದ್ದೆಲ್ಲ ಅಲ್ಲಿಗೆ ಹೋಗುವ ದಾರಿ. ಒಂದು ದಾರಿಯನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ, ಕೈಯಲ್ಲಿ ಮಾಡಿ ನೋಡಿ. 4ನೇ ಬಾರ್, ಇನ್ನೂ ಎ7ನಲ್ಲೇ ಇದ್ದೀರಿ. ಒಂದನೇ ತಂತಿಯ 5ನೇ ಫ್ರೆಟ್‌ನಿಂದ ಶುರು. ಆಮೇಲೆ ಎರಡನೇ ತಂತಿಯಲ್ಲಿ 8, 7, 5. ಮೂರನೇ ತಂತಿಯಲ್ಲಿ 7, 6. ಮತ್ತೆ ಎರಡನೇ ತಂತಿಯ 5, ಮೂರನೇ ತಂತಿಯ 6. ಒಟ್ಟು ಎಂಟು ಸ್ವರ, ಒಂದು ಬೀಟ್‌ಗೆ ಎರಡರಂತೆ. 5ನೇ ಬಾರ್‌ನ ಮೊದಲ ಬೀಟ್‌ಗೆ ಸರಿಯಾಗಿ ಮೂರನೇ ತಂತಿಯ 5ನೇ ಫ್ರೆಟ್‌ಗೆ ಇಳಿಯಿರಿ. ಸಿ ಶಾರ್ಪ್ ಇದ್ದದ್ದು ಸಿ ಆಯಿತು. ಅಲ್ಲಿಂದ ನಾಲ್ಕನೇ ತಂತಿಯ 7 ಮತ್ತು 4, ಕೊನೆಗೆ ಐದನೇ ತಂತಿಯ 5. ಸಿ, ಎ, ಎಫ್ ಶಾರ್ಪ್, ಡಿ: ಡಿ7 ಕಾರ್ಡ್‌ನ ನಾಲ್ಕೂ ಸ್ವರ ಮೇಲಿನಿಂದ ಕೆಳಕ್ಕೆ.

ಟ್ರ್ಯಾಕ್ ಇಲ್ಲದೆ ನುಡಿಸಿ. ಆ ಸಿ ಬಿದ್ದ ಕ್ಷಣ ನೆಲ ಸರಿದಂತೆ ಆಗುತ್ತದೆ, ಅಲ್ವಾ? ಒಂದೇ ಒಂದು ಫ್ರೆಟ್ ವ್ಯತ್ಯಾಸ.

ಮೈನರ್ ಪೆಂಟಟಾನಿಕ್ ಯಾಕೆ ಅರ್ಧಕ್ಕೆ ಕೈ ಕೊಡುತ್ತದೆ ಅನ್ನುವುದೂ ಇಲ್ಲೇ ಕಾಣುತ್ತದೆ. ಅದರಲ್ಲಿ ಸಿ ಇದೆ, ಸಿ ಶಾರ್ಪ್ ಇಲ್ಲ. ಡಿ7 ಮೇಲೆ ಸಿ ಚೆನ್ನಾಗಿ ಕೂರುತ್ತದೆ. ಎ7 ಮೇಲೆ ಅದೇ ಸಿ ಮೇಲೆ ನಿಂತರೆ ಬ್ಲೂಸ್ ವಾಸನೆ ಬರುತ್ತದೆ. ಬರಲಿ, ರಾಕಬಿಲಿಗೂ ಬ್ಲೂಸ್ ಬೇಕು. ಆದರೆ ಹೆಚ್ಚಿನ ಸಲ ಆ ಸಿ ನಿಲ್ಲಬಾರದು, ಸಿ ಶಾರ್ಪ್‌ಗೆ ಜಾರಬೇಕು. ಮೂರನೇ ತಂತಿಯಲ್ಲಿ 5ರಿಂದ 6ಕ್ಕೆ ಹ್ಯಾಮರ್ ಮಾಡಿ (ಮತ್ತೆ ಮೀಟದೆ ಬೆರಳನ್ನು ಫ್ರೆಟ್ ಮೇಲೆ ಬಡಿದು), ಕೂಡಲೇ ಒಂದನೇ ತಂತಿಯ 5 ಮುಟ್ಟಿ. ಈ ಶೈಲಿಯ ಸಹಿ ಅದು. ಇನ್ನು ಡಿ7 ಬಂದಾಗ ಸಿ ಶಾರ್ಪ್ ಮೇಲೆ ನಿಂತಿರೋ, ಕೇಳಿದವರು ಮುಖ ಸಿಂಡರಿಸುತ್ತಾರೆ. ದಾಟಿ ಹೋದರೆ ಪರವಾಗಿಲ್ಲ.

ಇನ್ನೊಂದು ಸ್ವರದ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಅದು ಆರನೇ ಸ್ವರ, ಎ ಕೀಯಲ್ಲಿ ಎಫ್ ಶಾರ್ಪ್. ವೆಸ್ಟರ್ನ್ ಸ್ವಿಂಗ್ (ಕಂಟ್ರಿ ಮತ್ತು ಜಾಝ್ ಬೆರೆತ ಸಂಗೀತ) ತಂಡಗಳ ಸ್ಟೀಲ್ ಗಿಟಾರ್‌ಗಳಲ್ಲಿ ಆರನೇ ಸ್ವರ ಸೇರಿದ ಸಿಕ್ಸ್ತ್ ಕಾರ್ಡ್‌ಗಳದ್ದೇ ರಾಜ್ಯಭಾರ. ಆ ಕಂಟ್ರಿ ಬಣ್ಣ ರಾಕಬಿಲಿಗೂ ಬಂದಿದೆ. ಮಜಾ ಏನೆಂದರೆ ಎಫ್ ಶಾರ್ಪ್ ಎ ಕಾರ್ಡ್‌ನ ಆರನೇ ಸ್ವರವೂ ಹೌದು, ಡಿ7ನ ಮೂರನೇ ಸ್ವರವೂ ಹೌದು. ಎ7 ಇರುವಾಗ ಅದನ್ನು ಹಿಡಿದು ನಿಲ್ಲಿ, ಕೆಳಗೆ ಕಾರ್ಡ್ ಬದಲಾಗಲಿ. ನೀವು ಅಲ್ಲಾಡದಿದ್ದರೂ ಸ್ವರದ ಬಣ್ಣವೇ ಬದಲಾಗುತ್ತದೆ. ಸುಮ್ನೆ ನಿಂತು ಕೆಲಸ ಸಾಧಿಸುವುದು ಇದೇ.

ಸೋಮಾರಿ ಉಪಾಯ ಇನ್ನೂ ಇದೆ. ನಿಮಗೆ ಈಗಾಗಲೇ ಗೊತ್ತಿರುವ ಎ ಲಿಕ್ (ಚಿಕ್ಕ ಸ್ವರ ತುಂಡು) ಒಂದನ್ನು ಹಾಗೇ ಐದು ಫ್ರೆಟ್ ಮೇಲಕ್ಕೆ ಒಯ್ದರೆ ಡಿ ಲಿಕ್, ಏಳು ಫ್ರೆಟ್ ಒಯ್ದರೆ ಇ ಲಿಕ್. ದೊಡ್ಡ ದೊಡ್ಡವರೂ ಇದನ್ನು ಮಾಡಿದ್ದಾರೆ. ಕಾರ್ಡ್ ಬದಲಾದದ್ದು ಖಂಡಿತ ಕೇಳಿಸುತ್ತದೆ. ಆದರೆ 12 ಬಾರ್ ಪೂರ್ತಿ ಹೀಗೇ ಹಾರುತ್ತಿದ್ದರೆ ಮೂರು ಬೇರೆ ಬೇರೆ ತುಂಡು ಅಂಟಿಸಿದಂತೆ ಕಾಣುತ್ತದೆ. ಒಂದು ಕಡೆ ಹಾರಿ, ಇನ್ನೊಂದು ಕಡೆ ಒಂದು ಫ್ರೆಟ್ ಜಾರಿ. ಎರಡೂ ಬೆರೆತರೆ ಚೆನ್ನ.

ಇನ್ನು ಬೆಂಡ್, ಅಂದರೆ ತಂತಿ ಎಳೆದು ಸ್ವರ ಏರಿಸುವುದು. ರಾಕ್ ನುಡಿಸಿ ಬಂದವರಿಗೆ ಇದನ್ನು ಬಿಡಿಸುವುದೇ ಕಷ್ಟ. 1950ರ ದಶಕದಲ್ಲಿ ಎಲೆಕ್ಟ್ರಿಕ್ ಗಿಟಾರ್‌ಗೆ ಹಾಕುತ್ತಿದ್ದ ತಂತಿಗಳು ದಪ್ಪ. ಮೂರನೇ ತಂತಿ ಕೂಡ ಸುತ್ತು ತಂತಿಯೇ ಆಗಿರುತ್ತಿತ್ತು. ಅದನ್ನು ಪೂರ್ತಿ ಒಂದು ಸ್ವರ ಎಳೆಯುವುದು ಹುಡುಗಾಟವಲ್ಲ. ಹಾಗಾಗಿ ಎಳೆಯುವ ಬದಲು ಜಾರುತ್ತಿದ್ದರು, ಹ್ಯಾಮರ್ ಮಾಡುತ್ತಿದ್ದರು, ಒಂದು ಫ್ರೆಟ್ ಕೆಳಗಿನಿಂದ ಬಂದು ಸೇರುತ್ತಿದ್ದರು. ನಿಮ್ಮ ಗಿಟಾರ್‌ನಲ್ಲಿ ತೆಳು ತಂತಿ ಇದ್ದರೂ ಒಂದು ವಾರ ಬೆಂಡ್ ಮುಟ್ಟಬೇಡಿ. ಬೇರೆ ದಾರಿಗಳು ತಾವಾಗಿ ತೆರೆದುಕೊಳ್ಳುತ್ತವೆ.

ಯಾರನ್ನು ಕೇಳಬೇಕು ಅಂದರೆ ನಾನು ಮೊದಲು ಹೇಳುವ ಹೆಸರು ಕ್ಲಿಫ್ ಗ್ಯಾಲಪ್. ರಾಕಬಿಲಿ ಗಾಯಕ ಜೀನ್ ವಿನ್ಸೆಂಟ್ ತಂಡದಲ್ಲಿ 1956ರಲ್ಲಿ ನುಡಿಸಿದವರು, ಕೈಯಲ್ಲಿ ಗ್ರೆಚ್ ಡ್ಯುಯೊ ಜೆಟ್. ಹೆಬ್ಬೆರಳು ತೋರುಬೆರಳ ನಡುವೆ ಪಿಕ್, ಮುಂದಿನ ಎರಡು ಬೆರಳಿಗೆ ಲೋಹದ ಫಿಂಗರ್ ಪಿಕ್, ಕಿರುಬೆರಳು ಬಿಗ್ಸ್‌ಬಿ ಹಿಡಿಯ ಮೇಲೆ. ತಂಡದಲ್ಲಿ ಇದ್ದದ್ದು ಒಂದು ವರ್ಷವೂ ಇಲ್ಲ. ಆ ಸೋಲೋಗಳ ಮೋಹ ಎಷ್ಟಿತ್ತೆಂದರೆ ರಾಕ್ ಗಿಟಾರಿಸ್ಟ್ ಜೆಫ್ ಬೆಕ್ 1993ರಲ್ಲಿ ಜೀನ್ ವಿನ್ಸೆಂಟ್ ಹಾಡುಗಳದ್ದೇ ಒಂದು ಆಲ್ಬಂ ಮಾಡಿದರು. ಗ್ಯಾಲಪ್ ವೇಗಕ್ಕೆ ಬೆರಗಾಗುವುದು ಸುಲಭ. ನೀವು ವೇಗ ಬಿಡಿ, ಅರ್ಧ ಸ್ಪೀಡ್‌ನಲ್ಲಿ ಹಾಕಿ ಕೇಳಿ. ಕಾರ್ಡ್ ಬದಲಾಗುವ ಬಾರ್‌ನ ಮೊದಲ ಸ್ವರ ಯಾವುದು ಅಂತ ಮಾತ್ರ ಬರೆದುಕೊಳ್ಳಿ. ಬೇರೆ ಏನನ್ನೂ ಬರೆಯಬೇಡಿ. ಒಂದು ಸೋಲೋ ಮುಗಿಯುವಷ್ಟರಲ್ಲಿ ಅವರು ಎಲ್ಲಿ ಗುರಿ ಇಡುತ್ತಾರೆ ಅನ್ನುವುದು ಹಾಳೆಯ ಮೇಲೆ ಕಾಣುತ್ತದೆ.

ಸೋಲೋ ಅಂದರೆ ಆ ಕ್ಷಣಕ್ಕೆ ಹುಟ್ಟಬೇಕು, ಮೊದಲೇ ಕಟ್ಟಿಟ್ಟುಕೊಂಡರೆ ಮೋಸ ಅನ್ನುವವರಿದ್ದಾರೆ. ಅವರಿಗೆ ನಾನು ಗಿಟಾರಿಸ್ಟ್ ಡ್ಯಾನಿ ಸೆಡ್ರೋನ್ ಕಥೆ ಹೇಳುತ್ತೇನೆ. ಗಾಯಕ ಬಿಲ್ ಹೇಲಿ ಜೊತೆ 1952ರ ಒಂದು ರೆಕಾರ್ಡ್‌ನಲ್ಲಿ ನುಡಿಸಿದ ಸೋಲೋವನ್ನೇ ಅವರು 1954ರಲ್ಲಿ ಹೇಲಿಯ ಇನ್ನೊಂದು ಹಾಡಿಗೆ ಹೆಚ್ಚುಕಡಿಮೆ ಹಾಗೇ ನುಡಿಸಿದರು. ಲೋಕಕ್ಕೆ ಗೊತ್ತಿರುವುದು ಆ ಎರಡನೆಯದು, 'ರಾಕ್ ಅರೌಂಡ್ ದ ಕ್ಲಾಕ್'. ಕಟ್ಟಿಟ್ಟುಕೊಳ್ಳಿ, ಏನೂ ತಪ್ಪಿಲ್ಲ. ಎರಡು ಬಾರ್‌ನ ನಾಲ್ಕೈದು ತುಂಡು ಗಟ್ಟಿಯಾಗಿ ಕೈಯಲ್ಲಿದ್ದರೆ ಅವುಗಳ ನಡುವಿನ ಸಂದಿಯಲ್ಲಿ ಹೊಸದು ಹುಟ್ಟುತ್ತದೆ.

ಎಕೋ ವಿಷಯ ಬೇಗ ಮುಗಿಸುತ್ತೇನೆ. ಸ್ಯಾಮ್ ಫಿಲಿಪ್ಸ್ ಎರಡು ಟೇಪ್ ಯಂತ್ರ ಇಟ್ಟುಕೊಂಡು ಸ್ಲ್ಯಾಪ್‌ಬ್ಯಾಕ್ ಎಂಬ ಗಿಡ್ಡ ಪ್ರತಿಧ್ವನಿ ತೆಗೆಯುತ್ತಿದ್ದರು. 1955ರಲ್ಲಿ ಸ್ಕಾಟಿ ಮೂರ್ ಟೇಪ್ ಎಕೋ ಒಳಗೇ ಇರುವ ಆಂಪ್ ಕೊಂಡರು. ರೇ ಬಟ್ಸ್ ಕಟ್ಟಿದ ಎಕೋಸಾನಿಕ್ ಅದು. ನಿಮ್ಮ ಡಿಲೇ ಪೆಡಲ್‌ನಲ್ಲಿ 100ರಿಂದ 140 ಮಿಲಿಸೆಕೆಂಡ್ ಇಡಿ, ಪ್ರತಿಧ್ವನಿ ಒಂದೇ ಸಲ ಬರಲಿ, ಸಾಕು. ಅಭ್ಯಾಸ ಮಾಡುವಾಗ ಮಾತ್ರ ಆಫ್ ಇರಲಿ. ಎಕೋ ಇದ್ದರೆ ತಡವಾಗಿ ಬಿದ್ದ ಸ್ವರವೂ ಸರಿಯಾಗಿ ಬಿದ್ದ ಹಾಗೆ ಕೇಳಿಸುತ್ತದೆ, ಮತ್ತೆ ನಮ್ಮ ಇಡೀ ಆಟ ನಿಂತಿರುವುದೇ ಸರಿಯಾದ ಬೀಟ್‌ಗೆ ಬೀಳುವುದರ ಮೇಲೆ.

ಆ ಬೀಟ್ ಬಗ್ಗೆ ಒಂದು ಮಾತು. ಶುರುವಿನಲ್ಲಿ ಗುರಿ ಸ್ವರ ಮೊದಲ ಬೀಟ್‌ಗೇ ಬೀಳಲಿ. ಅದು ತಪ್ಪದೆ ಬೀಳುತ್ತಿದೆ ಅನ್ನಿಸಿದ ಮೇಲೆ ಅರ್ಧ ಬೀಟ್ ಮುಂಚೆ, ಹಿಂದಿನ ಬಾರ್‌ನ ನಾಲ್ಕನೇ ಬೀಟ್ ಆದ ಕೂಡಲೇ ನುಡಿಸಿ. ಬೇಸ್ ಇನ್ನೂ ಎ7ನಲ್ಲಿದೆ, ನೀವಾಗಲೇ ಡಿ7ಗೆ ಕಾಲಿಟ್ಟಿದ್ದೀರಿ. ಹಾಡು ಮುಂದಕ್ಕೆ ತಳ್ಳಿದಂತೆ ಓಡುತ್ತದೆ. ತಡವಾದರೆ ಮಾತ್ರ ಬೇಸ್ ಹಿಂದೆ ಓಡುತ್ತಿರುವಂತೆ ಕೇಳಿಸುತ್ತದೆ. ಅಂದ ಹಾಗೆ, 9 ಮತ್ತು 10ನೇ ಬಾರ್ ಎಲ್ಲ ಹಾಡಿನಲ್ಲೂ ಒಂದೇ ಥರ ಇರುವುದಿಲ್ಲ. ಕೆಲವು ಹಾಡಲ್ಲಿ ಇ7 ಆಮೇಲೆ ಡಿ7, ಕೆಲವು ಹಾಡಲ್ಲಿ ಎರಡೂ ಬಾರ್ ಇ7. ಸೋಲೋಗೆ ಇಳಿಯುವ ಮುಂಚೆ ಬೇಸ್ ಏನು ಮಾಡುತ್ತಿದೆ ಅಂತ ಒಂದು ಸುತ್ತು ಕಿವಿಗೊಟ್ಟು ಕೇಳಿ.

ಮೂರು ಕಾರ್ಡ್ ಕೈಗೆ ಕೂತ ಮೇಲೆ ನಾನು ಕೊಡುವ ಮುಂದಿನ ಪಾಠ ಎಫ್ ಶಾರ್ಪ್ 7, ಬಿ7, ಇ7, ಎ7 ಅನ್ನುವ ಸರಪಳಿ. ಗಿಟಾರಿಸ್ಟ್ ಬ್ರಯನ್ ಸೆಟ್ಜರ್ ಥರ ಸ್ವಿಂಗ್ ಕಡೆ ವಾಲಿದ ರಾಕಬಿಲಿಗೆ ಇದು ಬೇಕೇ ಬೇಕು. ಹೆಸರು ಕೇಳಿ ಹೆದರುವವರೇ ಜಾಸ್ತಿ. ಅದೇ ಎರಡು ತಂತಿ, ಅದೇ ಹಿಡಿತ. ನಾಲ್ಕನೇ ತಂತಿಯ 8, ಮೂರನೇ ತಂತಿಯ 9 ಹಿಡಿದರೆ ಎಫ್ ಶಾರ್ಪ್ 7. ಒಂದು ಫ್ರೆಟ್ ಇಳಿಸಿದರೆ ಬಿ7, ಇನ್ನೊಂದು ಇಳಿಸಿದರೆ ಇ7, ಮತ್ತೊಂದು ಇಳಿಸಿದರೆ 5 ಮತ್ತು 6, ನಮ್ಮ ಹಳೆಯ ಎ7. ಮೊದಲು ಎರಡೂ ಸ್ವರ ಒಟ್ಟಿಗೆ ಮೀಟಿ ನಾಲ್ಕು ಸಲ ಇಳಿಯಿರಿ. ಆಮೇಲೆ ಒಂದೊಂದೇ ಸ್ವರ ಬಿಡಿಸಿ, ಅವುಗಳ ನಡುವೆ ಎ ಮೇಜರ್ ಪೆಂಟಟಾನಿಕ್‌ನಿಂದ ಎರಡೆರಡು ಸ್ವರ ತುಂಬಿ. ಎರಡೇ ಫ್ರೆಟ್ ಕೆಳಗೆ, 6 ಮತ್ತು 7ರಿಂದ ಶುರು ಮಾಡಿದರೆ ಅದೇ ಸರಪಳಿ ಜಿ ಕೀಯಲ್ಲಿ ಸಿಗುತ್ತದೆ: ಇ7, ಎ7, ಡಿ7, ಜಿ7. ಆಗ ತುಂಬುವ ಪೆಂಟಟಾನಿಕ್ ಕೂಡ ಜಿ ಮೇಜರ್ ಆಗಿರಲಿ.