ಎಣ್ಣೆ ಮಣಿಗೆ ವಾಸನೆ ಇಲ್ಲ ಅಂದ್ರೆ ಕೆಟ್ಟಿದೆ ಅಂತಾನಾ?

‘ಆಲ್ಜಿನೇಟ್‌ನಲ್ಲಿ ನೀಲಗಿರಿ ಎಣ್ಣೆಯ ಮಣಿ ಮಾಡಿ, ಹುಳ ಬರದಿರಲಿ ಅಂತ ಅಲಸಂದೆ ಡಬ್ಬಕ್ಕೆ ಹಾಕಿದೆ ಸರ್. ವಾಸನೆಯೇ ಬರುತ್ತಿಲ್ಲ. ಎಣ್ಣೆ ಜಾಸ್ತಿ ಹಾಕಲಾ?’
– ಚಿಂತಾಮಣಿಯ ಓದುಗರು

ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಇವತ್ತು ಬಿಡಿಸಿ ಹೇಳಿಬಿಡುತ್ತೇನೆ.

ಮಾಡುವ ಬಗೆ ನಿಮಗೆ ಗೊತ್ತೇ ಇದೆ. ಲೀಟರ್ ನೀರಿಗೆ 20 ಗ್ರಾಂ ಸೋಡಿಯಂ ಆಲ್ಜಿನೇಟ್, ಅದಕ್ಕೆ ಎಣ್ಣೆ ಹಾಕಿ ಚೆನ್ನಾಗಿ ಕಡೆದು, ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಸಿರಿಂಜ್‌ನಿಂದ ಹನಿ ಹನಿ ಬಿಡುವುದು. ಕಡಲಪಾಚಿಯಿಂದ ಬಂದ ಆಲ್ಜಿನೇಟಿನ ಎಳೆಗಳನ್ನು ಕ್ಯಾಲ್ಸಿಯಂ ಹೆಣೆದು ಬಲೆ ಮಾಡುತ್ತದೆ. ಹನಿ ನೆನೆದ ಸಾಬಕ್ಕಿಯಂತಾಗುತ್ತದೆ. ಎಣ್ಣೆ ಆ ಬಲೆಯೊಳಗೆ ಸಿಕ್ಕಿಕೊಂಡು, ನಿಧಾನವಾಗಿ ಹೊರಬರುತ್ತದೆ.

ವಾಸನೆ ಜೋರಾಗಿದ್ದರೆ ಕೆಲಸವೂ ಜೋರು ಅನ್ನುವುದು ಶುದ್ಧ ತಪ್ಪು. ವಾಸನೆ ಅಂದರೆ ಏನು? ಎಣ್ಣೆ ಆವಿಯಾಗಿ ಹೊರಗೆ ಹೋಗುತ್ತಿದೆ ಅಂತ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆದರೆ, ದುಡ್ಡು ಕೊಟ್ಟು ತಂದ ಎಣ್ಣೆ ಅಷ್ಟೇ ಬೇಗ ಖಾಲಿಯಾಗುತ್ತದೆ. ಒಂದು ಡಬ್ಬಕ್ಕೆ ಎಣ್ಣೆ ಅದ್ದಿದ ಹತ್ತಿ, ಇನ್ನೊಂದಕ್ಕೆ ಮಣಿ ಹಾಕಿ ನೋಡಿ. ಮೊದಲ ದಿನ ಹತ್ತಿಯದ್ದೇ ಅಬ್ಬರ. ಕೆಲವು ದಿನ ಬಿಟ್ಟು ನೋಡಿದರೆ ಹತ್ತಿ ಸಪ್ಪೆ. ಆಗ ಒಂದು ಮಣಿ ತೆಗೆದು ಉಗುರಿನಿಂದ ಒತ್ತಿ. ನೀಲಗಿರಿ ಘಮ್ ಅನ್ನುತ್ತದೆ. ಅದೇ ಉಳಿದ ಎಣ್ಣೆ!

ಮೂಗನ್ನೂ ಪೂರ್ತಿ ನಂಬಬೇಡಿ. ಊದುಬತ್ತಿ ಹಚ್ಚಿದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತರೆ ವಾಸನೆ ತಿಳಿಯುವುದಿಲ್ಲ, ಹೊರಗಿಂದ ಬಂದವರಿಗೆ ತಿಳಿಯುತ್ತದೆ, ಅಲ್ವಾ? ಇನ್ನು ಎಣ್ಣೆ ಜಾಸ್ತಿ ಸುರಿದರೆ ಮಣಿ ಹಿಡಿದುಕೊಳ್ಳುವುದಿಲ್ಲ. ಸುಮ್ನೆ ಮೇಲೆ ಜಿಡ್ಡಾಗಿ ಕೂತು ಮೊದಲೇ ಹಾರಿಹೋಗುತ್ತದೆ.

ನೋಡಬೇಕಾದ್ದು ಬೇರೆ. ಮಣಿ ನೆರಳಲ್ಲಿ ಒಣಗಿ ಗಟ್ಟಿಯಾಗಿರಬೇಕು. ಹಸಿ ಮಣಿ ಹಾಕಿದರೆ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಅಲಸಂದೆಗೆ ಹುಳ ಹೊಲದಲ್ಲೇ ಮೊಟ್ಟೆ ಇಟ್ಟಿರುತ್ತದೆ, ಮರಿ ಕಾಳಿನ ಒಳಗೇ ಬೆಳೆಯುತ್ತದೆ. ಅದನ್ನು ಮಣಿ ಹೊರಗೆಳೆಯುವುದಿಲ್ಲ. ಮೊದಲು ಕಾಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಆಮೇಲೆ ಮಣಿಯ ಗಂಟು ಇಡಿ.

‘ನಮ್ಮ ಕಡೆಯ ನೀಲಗಿರಿ ತೋಪಿನಿಂದಲೇ ಎಣ್ಣೆ ತೆಗೆಯಬಹುದಾ’ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಟಿಪ್ಪು 1790ರ ಸುಮಾರಿಗೆ ನಂದಿ ಬೆಟ್ಟದಲ್ಲಿ ನೆಡಿಸಿದ ಎನ್ನುವ ಮರಗಳ ಸಂತತಿಯೇ ಇಲ್ಲಿನ ತೋಪುಗಳಲ್ಲಿರುವುದು. ಇವನ್ನು ಬೆಳೆಸಿದ್ದು ಮುಖ್ಯವಾಗಿ ಮರಕ್ಕೆ. ಔಷಧಿಗೆ ಹೆಸರಾದ ಎಣ್ಣೆ ಊಟಿ ಕಡೆಯ ಬೇರೆ ಜಾತಿಯದು. ಹೊಸದಾಗಿ ನೆಡುವುದನ್ನು 2017ರಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತ್ತು.

ಆದರೆ ಒಂದು ಎಲೆ ಕಿತ್ತು ಬಿಸಿಲಿಗೆ ಎದುರಾಗಿ ಹಿಡಿಯಿರಿ. ಸೂಜಿಮೊನೆಯಷ್ಟು ಚುಕ್ಕೆಗಳು ಕಾಣುತ್ತವೆ. ಅವೆಲ್ಲ ಎಣ್ಣೆಯ ಚೀಲಗಳು. ಎಲೆ ಸುಮ್ನೆ ಇದ್ದಾಗ ವಾಸನೆ ಅಷ್ಟಿಲ್ಲ. ಅಂಗೈಯಲ್ಲಿ ತಿಕ್ಕಿ, ಆಗ ಮೂಸಿ ನೋಡಿ.