ಜನಸಂಖ್ಯೆ ಎರಡು ಸಾವಿರ ದಾಟಿದರೆ ಊರಿಗೆ ಬಸ್ ಬಿಡಲೇಬೇಕೆ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಹಳ್ಳಿ. ಎರಡು ಸಾವಿರದ ಮೇಲೆ ಜನ ಇದ್ದೇವೆ, ನೆಟ್‌ನಲ್ಲಿ ಕಮ್ಮಿ ತೋರಿಸುತ್ತೆ. ಅದನ್ನು ತಿದ್ದಿಸಿದರೆ ಸರ್ಕಾರಿ ಬಸ್ ಬಿಡಲೇಬೇಕಂತೆ. ಎಲ್ಲಿ ಅರ್ಜಿ ಹಾಕಬೇಕು ಸಾರ್?

ಉತ್ತರ: ಊರಿನ ಹೆಸರಷ್ಟೇ ಬೇರೆ, ಪ್ರಶ್ನೆ ಮಾತ್ರ ಪ್ರತಿ ಸಲ ಇದೇ.

ಅಂಕಿಯ ವಿಷಯ ಬೇಗ ಮುಗಿಸೋಣ. ನೀವು ನೋಡಿರುವುದು 2011ರ ಜನಗಣತಿ. 2021ರದ್ದು ಕೊರೊನಾದಿಂದ ನಿಂತುಹೋಯಿತು; ಮುಂದಿನದಕ್ಕೆ ಆಧಾರ ದಿನ 2027ರ ಮಾರ್ಚ್ 1. ನಡುವೆ ಹುಟ್ಟಿದ ಮಕ್ಕಳನ್ನು ಸೇರಿಸಿಕೊಳ್ಳಿ ಅಂತ ಯಾವ ಕಚೇರಿಗೆ ಹೋದರೂ ತಿದ್ದಲು ಬರುವುದಿಲ್ಲ. ಇನ್ನೊಂದು, ಗಣತಿ ಲೆಕ್ಕ ಇಡುವುದು ಕಂದಾಯ ಗ್ರಾಮದ ಪ್ರಕಾರ. ಎಲ್ಲೆಯೊಳಗಿನ ಗೊಲ್ಲರಹಟ್ಟಿ, ತಾಂಡಾ ಎಲ್ಲ ಅದರಲ್ಲೇ ಬಂದಿರುತ್ತವೆ. 'ನಮ್ಮ ಹಟ್ಟಿ ಬಿಟ್ಟುಹೋಗಿದೆ' ಅನ್ನುವ ಮುಂಚೆ ಅದನ್ನು ನೋಡಿ. ಒಂದೇ ಹೆಸರಿನ ಊರುಗಳು ನಮ್ಮ ಕಡೆ ಬೇಕಾದಷ್ಟಿವೆ, ಆದ್ದರಿಂದ ಗ್ರಾಮದ ಆರಂಕಿಯ ಕೋಡ್ ಹಿಡಿದು ಹುಡುಕಿ.

ಈಗ ಆ 'ಎರಡು ಸಾವಿರ'ಕ್ಕೆ ಬರೋಣ. ಇಷ್ಟು ಜನ ಇದ್ದರೆ ಇಷ್ಟು ಬಸ್ ಅನ್ನುವ ಕಾನೂನು ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯನ್ನು ಮೊದಲಿನಿಂದ ಕೊನೆವರೆಗೆ ತಿರುವಿಹಾಕಿದರೂ ಸಿಗುವುದಿಲ್ಲ. ಹಾಗಾದರೆ ಈ ಮಾತು ಎಲ್ಲಿಂದ ಹುಟ್ಟಿತು? ನನ್ನ ಅಂದಾಜು, ಬೇರೆ ಬೇರೆ ನಿಯಮಗಳನ್ನು ಕಟ್ಟೆ ಮೇಲೆ ಕೂತು ಕಲಸಿದ ಚಿತ್ರಾನ್ನ ಇದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲು ಸೀಮೆಗೆ 500 ಜನರ ಮಿತಿ ಇದೆ. ಆದರೆ ಅದು ರಸ್ತೆಗೆ. ಅದೂ ಇಡೀ ಗ್ರಾಮದ ಲೆಕ್ಕ ಅಲ್ಲ, ಒಂದೊಂದು ಜನವಸತಿಯ ಲೆಕ್ಕ. 2,000 ಅನ್ನುವ ಅಂಕಿ ಬಂದಿದ್ದು 2010ರ ಹೊತ್ತಿಗೆ, ಬ್ಯಾಂಕ್ ಸೇವೆ ಇಲ್ಲದ ದೊಡ್ಡ ಹಳ್ಳಿಗಳಿಗೆ ಅದನ್ನು ಮುಟ್ಟಿಸಲು. ಪಂಚಾಯ್ತಿಯಲ್ಲಿ 400 ಜನಕ್ಕೊಬ್ಬ ಮೆಂಬರ್ ಅನ್ನುವುದು ಮತ್ತೊಂದು. ಈ ಮೂರರಲ್ಲಿ ಯಾವುದಕ್ಕೂ ಚಕ್ರ ಇಲ್ಲ.

ಬಸ್ ನೋಡುವುದು ಕಿಲೋಮೀಟರಿಗೆ ಕಲೆಕ್ಷನ್ ಎಷ್ಟು, ದಾರಿ ಹೇಗಿದೆ, ಡಿಪೋದಲ್ಲಿ ಗಾಡಿ ಮತ್ತು ಡ್ರೈವರ್ ಇದ್ದಾರೋ ಇಲ್ಲವೋ ಅನ್ನುವುದನ್ನು. ಮೇನ್ ರೋಡಿನ ಪಕ್ಕದ ಸಣ್ಣ ಊರಿಗೆ ದಿನವಿಡೀ ಬಸ್ಸು, ಕ್ರಾಸಿನಿಂದ ಒಳಗಿರುವ ದೊಡ್ಡ ಊರಿಗೆ ಬೆಳಿಗ್ಗೆ ಸಂಜೆ ಎರಡು. ಇದು ನಿಮಗೇ ಗೊತ್ತಿರುವ ಸಂಗತಿ. ಭರಮಸಾಗರ, ಐಮಂಗಲಗಳ ಅನುಕೂಲಕ್ಕೆ ಕಾರಣ ಹೆದ್ದಾರಿ 48, ಅಲ್ಲಿನ ತಲೆಎಣಿಕೆ ಅಲ್ಲ.

ಆದ್ದರಿಂದ ಅರ್ಜಿಯಲ್ಲಿ ಜನಸಂಖ್ಯೆ ಒಂದು ಸಾಲು ಸಾಕು. ಪಾಸ್ ಇರುವ ಕಾಲೇಜು ಮಕ್ಕಳೆಷ್ಟು, ಯಾವ ಹೊತ್ತಿಗೆ ಹೊರಡಬೇಕು, ಸಂತೆ ಯಾವತ್ತು, ಈಗಿರುವ ನೈಟ್ ಹಾಲ್ಟ್ ಬಸ್ಸನ್ನು ಮುಂದಿನ ಊರಿಂದ ನಿಮ್ಮೂರವರೆಗೆ ಎಳೆಯಬಹುದಾ, ಇವನ್ನು ಬರೆಯಿರಿ. ಗ್ರಾಮಸಭೆಯ ಠರಾವು ಲಗತ್ತಿಸಿ ಕೆಎಸ್‌ಆರ್‌ಟಿಸಿಯ ದಾವಣಗೆರೆ ವಿಭಾಗದ ನಿಯಂತ್ರಣಾಧಿಕಾರಿಗೆ ಕೊಡಿ. ಖಾಸಗಿ ಬಸ್ಸಾದರೆ ದಾರಿ ಬೇರೆ: ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸಾರಿಗೆ ಪ್ರಾಧಿಕಾರ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಸರ್ಕಾರಿ ಬಸ್ಸನ್ನೇ ಕೇಳುತ್ತಾರೆ, ಅದು ನ್ಯಾಯವೇ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಜನ ಹೆಚ್ಚಿದ್ದ ಕಡೆಗೇ ಸಾರಿಗೆ ಬರುವುದಾಗಿದ್ದರೆ ರೈಲ್ವೆ ಜಂಕ್ಷನ್ ಚಿತ್ರದುರ್ಗದಲ್ಲಿ ಇರಬೇಕಿತ್ತು. ಇರುವುದು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ! ಬೀರೂರು–ದಾವಣಗೆರೆ ಮುಖ್ಯ ಮಾರ್ಗ ಆ ಹಳ್ಳಿಯ ಮೇಲೆ ಹಾದುಹೋಯಿತು, ಲಕ್ಷ ಜನರ ದುರ್ಗ ಕವಲು ಮಾರ್ಗಕ್ಕೆ ಬಿತ್ತು. ಹಾಗಾಗಿ ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗುವವರು ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿಕೊಂಡು ಹೋಗಬೇಕು. ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ತುಮಕೂರು–ದಾವಣಗೆರೆ ನೇರ ಮಾರ್ಗದ ಕೆಲಸ ನಡೆದಿದೆ. ಅದು ಮುಗಿಯುವವರೆಗೆ ದುರ್ಗದವರಿಗೂ ಬಸ್ಸೇ ಗತಿ.