ಒಮ್ಮೆ ಸಿಕ್ಕ ರಕ್ಷಣೆ ಕೈ ತಪ್ಪಿ ಹೋಗ್ತದೇನು? ನಮ್ಮ ಬೀದರ್ ಕಡೆ ಮತ್ತ ಎದ್ದಿರೋ ಹಳೇ ವಾದದ ಹಿನ್ನೆಲೆ

ಬೀದರ್ ಕಡೆ ಕ್ರೈಸ್ತರ ವಾಟ್ಸಾಪ್ ಗ್ರೂಪಿನ್ಯಾಗ ಈ ವಾದ ಶುರು ಆಗೋದು ಯಾರರ ಒಬ್ರು ಸಭೆಗೆ ಬರೋದು ಬಿಟ್ಟಾಗ. ಹುಡುಗ ಕೆಲಸಕ್ಕಂತ ಹೈದರಾಬಾದಿಗೆ ಹೋದ, ಕುಡಿಯೋದು ಕಲ್ತ, ಊರಿಗೆ ಬಂದ್ರೂ ಚರ್ಚ್ ಕಡೆ ತಲಿ ಹಾಕಲಿಲ್ಲ. ಯೇಸುವನ್ನ ನಂಬಿದವನಿಗೆ ಪಾಪದಿಂದ ಸಿಗೋ ಬಿಡುಗಡೆಗೆ ರಕ್ಷಣೆ ಅಂತಾರಲ್ಲ, ಅವನ ಆ ರಕ್ಷಣೆ ಅದನೋ, ಹೋಯ್ತೋ? ಒಬ್ರು ಯೋಹಾನ 10:28 ಹಾಕ್ತಾರ, ನನ್ನ ಕೈಯೊಳಗಿಂದ ಅವರನ್ನ ಯಾರೂ ಕಸ್ಕೊಳ್ಳೋದಿಲ್ಲ ಅಂತ ಯೇಸು ಹೇಳಿದ್ದು. ಅದರ ಕೆಳಗ ಇನ್ನೊಬ್ರು ಇಬ್ರಿಯರಿಗೆ 6:4-6 ಹಾಕ್ತಾರ, ಪವಿತ್ರಾತ್ಮನಲ್ಲಿ ಪಾಲು ಪಡೆದು ಆಮ್ಯಾಲೆ ಬಿದ್ದುಹೋದವರನ್ನ ತಿರುಗಿ ಮಾನಸಾಂತರಕ್ಕ ತರೋದು ಆಗದ ಮಾತು ಅಂತ. ಆಮ್ಯಾಲೆ ದೇವರ ಪ್ರೀತಿಯಿಂದ ನಮ್ಮನ್ನ ಯಾವುದೂ ಅಗಲಿಸಲ್ಲ ಅನ್ನೋ ರೋಮಾ 8 ಬರ್ತದ, 2 ಪೇತ್ರದಾಗಿನ ಕಕ್ಕಿದ್ದಕ್ಕೇ ತಿರುಗೋ ನಾಯಿ, ತೊಳೆದ್ರೂ ಕೆಸರಿಗೇ ಹೋಗೋ ಹಂದಿ ಬರ್ತಾವ, ಯಾರೋ ಒಂದು ತೆಲುಗು ಪ್ರಸಂಗದ ಲಿಂಕ್ ಒಗೀತಾರ, ಅಡ್ಮಿನ್ ಗ್ರೂಪ್ ಬಂದ್ ಮಾಡ್ತಾರ.

ಇದು ಯೂಟ್ಯೂಬ್ ಬಂದ ಮ್ಯಾಲೆ ಹುಟ್ಟಿದ ವಾದ ಅಲ್ರಿ. ಕ್ರಿ.ಶ. 250ರಾಗ ರೋಮ್ ಚಕ್ರವರ್ತಿ ಡೇಸಿಯಸ್, ಎಲ್ಲರೂ ದೇವತೆಗಳಿಗೆ ಬಲಿ ಕೊಡ್ರಿ, ಕೊಟ್ಟಿದ್ದಕ್ಕ ಸರ್ಟಿಫಿಕೇಟ್ ತಗೋರಿ ಅಂತ ಹುಕುಂ ಹೊರಡಿಸಿದ. ಸಾವಿರಾರು ಕ್ರೈಸ್ತರು ಹೆದರಿ ಬಲಿ ಕೊಟ್ರು, ಕೆಲವರು ಬಲಿ ಕೊಡದೇನೇ ರೊಕ್ಕ ಕೊಟ್ಟು ಸರ್ಟಿಫಿಕೇಟ್ ಮಾಡಿಸ್ಕೊಂಡ್ರು (ಈ ಉಪಾಯ ಯಾವ ಕಾಲಕ್ಕೂ ಹಳೇದಾಗಲ್ಲ ಬಿಡ್ರಿ). ಹಿಂಸೆ ಮುಗಿದ ಮ್ಯಾಲೆ ಅವರೆಲ್ಲ ಬಾಗಿಲಿಗೆ ಬಂದು ನಿಂತ್ರು, ಒಳಗ ಕರ್ಕೋರಿ ಅಂತ. ರೋಮಿನ ಪಾದ್ರಿ ನೊವೇಷಿಯನ್ ಆಗೋದಿಲ್ಲ ಅಂದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್, ಒಬ್ಬೊಬ್ಬರ ತಪ್ಪು ನೋಡಿ, ಪಶ್ಚಾತ್ತಾಪ ಮಾಡಿಸಿ ಕರ್ಕೊಳ್ಳೋಣ ಅಂದ. ಸಭೆ ಸಿಪ್ರಿಯನ್ ಹಿಂದ ಹೋಯ್ತು.

ಅಲ್ಲಿಂದ ಮುಂದಿನ ಸಾವಿರದ ಮುನ್ನೂರು ವರ್ಷ ನಾಕು ಮಾತಿನ್ಯಾಗ ದಾಟಿಬಿಡ್ತೀನಿ. ಕೊನೇ ತನಕ ನಿಲ್ಲೋದೂ ದೇವರು ಕೊಡೋ ವರಾನೇ ಅಂತ 5ನೇ ಶತಮಾನದಾಗ ಬಿಷಪ್ ಅಗಸ್ಟಿನ್ ಬರೆದ, ಆದ್ರ ಆ ವರ ತನಗ ಸಿಕ್ಕದ ಅಂತ ಬದುಕಿರೋ ತನಕ ಯಾರೂ ಖಾತ್ರಿ ಹೇಳಂಗಿಲ್ಲ ಅಂತಾನೂ ಬರೆದ. ತಮ್ಮ ನಂಬಿಕೆ ಬರೆದುಕೊಟ್ಟ 1530ರ ಔಗ್ಸ್‌ಬರ್ಗ್ ಅರಿಕೆಯೊಳಗ ಜರ್ಮನಿಯ ಸುಧಾರಕ ಲೂಥರ್ ಕಡೆಯವರು ರಕ್ಷಣೆ ಕಳಕೊಳ್ಳಬಹುದು ಅನ್ನೋ ಪಕ್ಷಾನೇ ಹಿಡಿದ್ರು, ಇದು ಇವತ್ತಿನ ಭಾಳ ಮಂದಿಗೆ ಗೊತ್ತಿಲ್ಲ, ಪ್ರೊಟೆಸ್ಟೆಂಟ್ ಅಂದ್ರ ಎಲ್ಲರೂ ಒಂದೇ ಅನ್ಕೊಂಡಿರ್ತಾರ. ಮಹಾ ಪಾಪದಿಂದ ಕೃಪೆ ಹೋಗ್ತದ, ಪಾಪನಿವೇದನೆಯಿಂದ ತಿರುಗಿ ಸಿಗ್ತದ ಅಂತ ಕ್ಯಾಥೋಲಿಕರು 1547ರಾಗ ಟ್ರೆಂಟ್ ಮಹಾಸಭೆಯೊಳಗ ಹೇಳಿದ್ರು. ಜಿನೀವಾದ ಸುಧಾರಕ ಕ್ಯಾಲ್ವಿನ್ ಕಡೆಯವರು ಮಾತ್ರ ದೇವರು ಆರಿಸಿಕೊಂಡವನು ಬೀಳಬಹುದು, ಆದ್ರ ಪೂರ್ತಿ ಕಳ್ದು ಹೋಗಲ್ಲ ಅಂದ್ರು. ಹಾಲೆಂಡಿನ್ಯಾಗ ದೇವಶಾಸ್ತ್ರದ ಮೇಷ್ಟ್ರು ಅರ್ಮಿನಿಯಸ್ ಸತ್ತ ಮರುವರ್ಷ, 1610ರಾಗ, ಅವನ ಶಿಷ್ಯರು ಇದಕ್ಕ ತಕರಾರು ಕೊಟ್ರು. ಕೊಟ್ಟ ಐದು ಅಂಶದಾಗ ಐದನೇದು ಇದೇ ಪ್ರಶ್ನೆ, ಮತ್ತ ಆ ಹೊತ್ತಿಗೆ ಅವರು ಕಳ್ಕೊಳ್ಳಬಹುದು ಅಂತ ಗಟ್ಟಿಯಾಗಿ ಹೇಳಿರಲೇ ಇಲ್ಲ, ವಚನ ಇನ್ನೂ ನೋಡಬೇಕು ಅಂದಿದ್ರು ಅಷ್ಟೇ. 1618-19ರಾಗ ಹಾಲೆಂಡಿನ ಡಾರ್ಟ್ ಊರಾಗ ಕೂಡಿದ ಕ್ಯಾಲ್ವಿನ್ ಕಡೆಯವರ ಮಹಾಸಭೆ ಆ ಐದನ್ನೂ ತಳ್ಳಿಹಾಕ್ತು. ಆದ್ರ ದಾವೀದ, ಪೇತ್ರ ಎಂಥಾ ಗುಂಡಿಗೆ ಬಿದ್ದಿದ್ರು ಅನ್ನೋದನ್ನ ಅದೇ ಸಭೆ ಹೆಸರು ಹಿಡಿದು ಬರೀತು, ಇದನ್ನ ಎರಡೂ ಕಡೆಯವರು ಮರೀತಾರ.

ನಮ್ಮ ಕಡೆಗೆ ಬೇಕಾದ ಕಥಿ ಇಲ್ಲಿಂದ ಶುರು. ಬೀದರ್ ಕ್ರೈಸ್ತರೊಳಗ ಭಾಳ ಮಂದಿ ಮೆಥೋಡಿಸ್ಟ್ ಮನೆತನದವರು, ನಿಜಾಮನ ಕಾಲಕ್ಕ ಅಮೆರಿಕದ ಮಿಷನ್ ಬಂದು ಸಾಲಿ, ದವಾಖಾನಿ ಕಟ್ಟಿದ ಬೇರು ಅದು. ಆ ಬೇರಿನ ತುದಿಗೆ ಮೆಥೋಡಿಸ್ಟ್ ಚಳವಳಿ ಶುರು ಮಾಡಿದ ಇಂಗ್ಲೆಂಡಿನ ಜಾನ್ ವೆಸ್ಲಿ, ಅವನ ಗೆಳೆಯ ಜಾರ್ಜ್ ವೈಟ್‌ಫೀಲ್ಡ್ ಅದಾರ. ಬಯಲಿನ್ಯಾಗ ನಿಂತು ಗಣಿ ಕೂಲಿಗಳಿಗೆ ಪ್ರಸಂಗ ಮಾಡೋದನ್ನ ವೆಸ್ಲಿಗೆ ರೂಢಿ ಮಾಡಿಸಿದವನೇ ವೈಟ್‌ಫೀಲ್ಡ್, 1739ರಾಗ, ಬ್ರಿಸ್ಟಲ್‌ದಾಗ. ಅದೇ ವರ್ಷ ವೆಸ್ಲಿ ಕೃಪೆ ಎಲ್ಲರಿಗೂ ಅದ, ಕೆಲವರನ್ನ ಮಾತ್ರ ಮೊದಲೇ ಆರಿಸಿಟ್ಟಿಲ್ಲ ಅಂತ ಪ್ರಸಂಗ ಮಾಡಿ ಅಚ್ಚು ಹಾಕಿಸಿದ. ವೈಟ್‌ಫೀಲ್ಡ್ ಕ್ಯಾಲ್ವಿನ್ ಪಕ್ಷದವ, ಅವನಿಗೆ ಇದು ಚುಚ್ಚಿತು.

ವೈಟ್‌ಫೀಲ್ಡ್ ವೆಸ್ಲಿಗೆ ಖಾಸಗಿಯಾಗಿ ಬರೆದ ಒಂದು ಪತ್ರಾನ ಯಾರೋ ಇಬ್ಬರನ್ನೂ ಕೇಳದೇ ಅಚ್ಚು ಮಾಡಿಸಿ, 1741ರ ಫೆಬ್ರವರಿಯಾಗ ಲಂಡನ್‌ದಾಗ ವೆಸ್ಲಿ ಸಭೆ ನಡೆಸೋ ಜಾಗದ ಬಾಗಿಲಿಗೇ ನಿಂತು ಹಂಚಿದ್ರು. ವೆಸ್ಲಿ ಪ್ರಸಂಗ ಮುಗಿಸಿ ಒಂದು ಪ್ರತಿ ಕೈಯಾಗ ಹಿಡಿದು, ವೈಟ್‌ಫೀಲ್ಡ್ ಇಲ್ಲಿದ್ರ ಏನ್ ಮಾಡ್ತಿದ್ನೋ ನಾನೂ ಅದನ್ನೇ ಮಾಡ್ತೀನಿ ಅಂದು ಎಲ್ಲರ ಎದುರಿಗೆ ಹರಿದುಹಾಕಿದ. ಕೂತವರೂ ತಮ್ಮ ತಮ್ಮ ಕೈಯಾಗಿನ ಪ್ರತಿ ಹರಿದ್ರು, ಎರಡು ನಿಮಿಷಕ್ಕ ಒಂದೂ ಉಳೀಲಿಲ್ಲ ಅಂತ ದಿನಚರಿಯೊಳಗ ಬರಕೊಂಡಾನ. ಬ್ಯಾರೆಯವರ ಖಾಸಗಿ ಮಾತು ಸ್ಕ್ರೀನ್‌ಶಾಟ್ ತೆಗೆದು ಫಾರ್ವರ್ಡ್ ಮಾಡೋರು ಇದನ್ನೊಂದು ಓದಬೇಕು.

ಪತ್ರ ಹರಿದ್ರೂ ಗೆಳೆತನ ಸೀಳೋದು ತಪ್ಪಲಿಲ್ಲ, ಚಳವಳಿ ಎರಡಾಯ್ತು. ಮುಂದ ಇಬ್ರೂ ರಾಜಿ ಆದ್ರು, ಸಿದ್ಧಾಂತದಾಗಲ್ಲ, ಮನಸ್ಸಿನ್ಯಾಗ. 1770ರಾಗ ವೈಟ್‌ಫೀಲ್ಡ್ ಅಮೆರಿಕದಾಗ ತೀರ್ಕೊಂಡಾಗ ಅವನ ಇಚ್ಛೆ ಪ್ರಕಾರ ಲಂಡನ್‌ದಾಗ ಸಂಸ್ಕಾರದ ಪ್ರಸಂಗ ಮಾಡಿದವ ವೆಸ್ಲಿನೇ.

ವೆಸ್ಲಿ ನಿಜವಾದ ವಿಶ್ವಾಸಿನೂ ಬೀಳಬಹುದು, ನಾಶನೂ ಆಗಬಹುದು ಅಂತಿದ್ದ, ಆದ್ರ ಮಾತು ಅಲ್ಲಿಗೆ ಬಿಡ್ತಿರಲಿಲ್ಲ. ಬಿದ್ದವರು ತಿರುಗಿ ಎದ್ದಿದ್ದು ಒಬ್ಬಿಬ್ಬರಲ್ಲ, ಸಾವಿರಾರು ಮಂದಿ ಅಂತ ಹಿಂಜಾರಿದವರಿಗಾಗಿ ಮಾಡಿದ ಪ್ರಸಂಗದಾಗ ಹೇಳ್ಯಾನ. 1784ರಾಗ ಅಮೆರಿಕದ ಮೆಥೋಡಿಸ್ಟರಿಗಂತ ಇಂಗ್ಲೆಂಡ್ ಚರ್ಚಿನ ನಂಬಿಕೆ ಹೇಳೋ 39 ವಿಧಿ ಕತ್ತರಿಸುವಾಗ ಮೊದಲೇ ಆರಿಸಿಕೊಳ್ಳೋ ವಿಷಯದ 17ನೇದನ್ನ ಕಿತ್ತುಹಾಕಿ, ಪಾಪದ ವಿಷಯದ್ದನ್ನ ಉಳಿಸಿದ. ಅದೇ ಈಗ ಮೆಥೋಡಿಸ್ಟರ 12ನೇ ವಿಧಿ: ಪವಿತ್ರಾತ್ಮನನ್ನ ಹೊಂದಿದ ಮ್ಯಾಲೂ ಕೃಪೆ ಬಿಟ್ಟು ಪಾಪದಾಗ ಬೀಳಬಹುದು, ದೇವರ ಕೃಪೆಯಿಂದ ತಿರುಗಿ ಎದ್ದು ಬದುಕು ತಿದ್ದಿಕೊಳ್ಳಬಹುದು. ನಮ್ಮ ಹಿರಿಯರಿಗೆ ಬಂದದ್ದು ಈ ಬೋಧನೆ. ಅದರಾಗಿನ ಮೊದಲ ಅರ್ಧ ಹೇಳಿ ಎರಡನೇ ಅರ್ಧ ನುಂಗೋ ಪ್ರಸಂಗ ಇತ್ತೀಚೆಗೆ ಜಾಸ್ತಿ ಕೇಳಿಸ್ತದ.

20ನೇ ಶತಮಾನದಾಗ ಅಮೆರಿಕದ ಬ್ಯಾಪ್ಟಿಸ್ಟರ ನಡುವೆ ‘ಒಮ್ಮೆ ರಕ್ಷಣೆ, ಸದಾ ರಕ್ಷಣೆ’ ಅನ್ನೋದು ಘೋಷಣೆನೇ ಆಯ್ತು. ಪೆಂತೆಕೋಸ್ತರೊಳಗ ಅಸೆಂಬ್ಲೀಸ್ ಆಫ್ ಗಾಡ್‌ನಂಥವರು ಅದನ್ನ ಒಪ್ಪಲಿಲ್ಲ. ಬ್ರದರನ್ ಸಭೆಗಳು ಹೆಚ್ಚುಕಡಿಮಿ ಬ್ಯಾಪ್ಟಿಸ್ಟರ ಕಡೆ. ಮೊದಲು ಇವರೆಲ್ಲ ಬ್ಯಾರೆ ಬ್ಯಾರೆ ಗೋಡಿ ಒಳಗಿದ್ರು, ಈಗ ಒಂದೇ ಫೋನಿನ್ಯಾಗ ಅದಾರ. ಮುಂಜಾನೆ ಒಬ್ಬ ಬೋಧಕ ನಿನ್ನ ರಕ್ಷಣೆ ಪಕ್ಕಾ ಅಂತಾನ, ರಾತ್ರಿ ಇನ್ನೊಬ್ಬ ಸಿಟ್ಟು ಬಂದ್ರ ಹೋಯ್ತು, ಸಿನಿಮಾ ನೋಡಿದ್ರ ಹೋಯ್ತು ಅಂತಾನ. ಇಬ್ರನ್ನೂ ಕೇಳಿದ ಹೆಣ್ಮಗಳು ಹೆದರಿ ಉಪವಾಸ ಕೂಡ್ತಾಳ.

ಕುಡಿದು ಬಿದ್ದಿರೋ ಹುಡುಗನ ವಿಷಯದಾಗ ಎರಡೂ ಕಡೆಯವರ ತೀರ್ಪು ದೂರ ದೂರ ಇಲ್ಲ. ಪಶ್ಚಾತ್ತಾಪ ಇಲ್ದೇ ಹಂಗೇ ಸತ್ರ, ಒಂದು ಕಡೆಯವರು ಅವನಿಗೆ ರಕ್ಷಣೆ ಎಂದೂ ಸಿಕ್ಕೇ ಇರಲಿಲ್ಲ ಅಂತಾರ, 1 ಯೋಹಾನ 2:19 ತೋರಿಸ್ತಾರ, ಇನ್ನೊಂದು ಕಡೆಯವರು ಸಿಕ್ಕಿತ್ತು, ಕಳ್ಕೊಂಡ ಅಂತಾರ. ಫರಕು ಕಾಣೋದು ಅವನು ಬದುಕಿದ್ದು ತಿರುಗಿ ಬಂದಾಗ. ನೀನು ಮೊದಲು ನಂಬಿದ್ದೇ ಸುಳ್ಳು ಅಂದ್ರ, ಅವನು ಸಣ್ಣಾಂವಿದ್ದಾಗ ಅವ್ವನ ಬಾಜೂ ಕೂತು ಮಾಡಿದ ಪ್ರಾರ್ಥನಿ, ಹಾಡಿದ ಹಾಡು, ಅಳ್ತಾ ಹೇಳಿದ ಸಾಕ್ಷಿ ಎಲ್ಲಾ ಖೊಟ್ಟಿ ಅಂದಂಗಾಗ್ತದ. ಬಿದ್ದಿದ್ದಿ, ಏಳು ಅಂದ್ರ ಅವೆಲ್ಲಾ ಖರೇನೇ ಉಳೀತಾವ. ಹಂಗಂತ ರಕ್ಷಣೆ ಕಳ್ದು ಹೋಗಲ್ಲ ಅನ್ನೋರ ಮಾತಿಗೂ ಬೆಲೆ ಅದ. ಮತ್ತ ಮತ್ತ ಬಿದ್ದು ಸೋತವನಿಗೆ ನೀ ಹಿಡ್ಕೊಂಡಿದ್ದಕ್ಕಲ್ಲ, ಆತ ಹಿಡ್ಕೊಂಡಾನ ಅಂತ ಉಳಿದಿದ್ದಿ ಅನ್ನೋದು ಯೋಹಾನ 10ರಿಂದಾನೇ ಸಿಗೋ ಧೈರ್ಯ.

ದೊಡ್ಡ ಸಭೆಗಳ ಮಟ್ಟದಾಗ ಬಿಸಿ ತಣ್ಣಗಾಗ್ಯದ. 1999ರಾಗ ಕ್ಯಾಥೋಲಿಕರು, ಲೂಥರನರು ದೇವರ ಮುಂದ ಮನುಷ್ಯ ನೀತಿವಂತ ಆಗೋ ವಿಷಯಕ್ಕ ಒಂದು ಒಪ್ಪಂದಕ್ಕ ಸಹಿ ಹಾಕಿದ್ರು, 2006ರಾಗ ಮೆಥೋಡಿಸ್ಟರು, 2017ರಾಗ ಕ್ಯಾಲ್ವಿನ್ ಪರಂಪರೆಯ ರಿಫಾರ್ಮ್ಡ್ ಸಭೆಗಳೂ ಕೂಡ್ಕೊಂಡ್ವು. ಊರಾಗ ಮಾತ್ರ ಪ್ರಶ್ನೆ ಬ್ಯಾರೆ ದಾರಿಲಿಂದ ಬರ್ತದ, ಸಂಬಂಧ ನೋಡುವಾಗ. ಮೆಥೋಡಿಸ್ಟ್ ಮನಿ ಹುಡುಗ, ಸ್ವತಂತ್ರ ಸಭೆಯ ಹುಡುಗಿ, ಕುಲ, ನೌಕರಿ ಎಲ್ಲಾ ಮುಗಿದ ಮ್ಯಾಲೆ ಆ ಕಡೆ ಪಾಸ್ಟರ್ ಕೇಳ್ತಾರ, ಹುಡುಗ ರಕ್ಷಣೆ ಹೊಂದ್ಯಾನೇನು, ಯಾವ ತಾರೀಖಿಗೆ? ಬೀದರಿನ ಮಂಗಳಪೇಟದಾಗ ಹುಟ್ಟಿ, ತಿಂಗಳ ಕೂಸಿದ್ದಾಗ ದೀಕ್ಷಾಸ್ನಾನ ಆಗಿ, ನಡುವೆ ಎರಡು ಮೂರು ಸಲ ಬಿಟ್ಟು ತಿರುಗಿ ಚರ್ಚಿಗೆ ಹೊಂಟ ಹುಡುಗ ಯಾವ ತಾರೀಖು ಹೇಳಬೇಕು, ಹಿರಿಯರು ಅದನ್ನೇ ಲೆಕ್ಕ ಹಾಕ್ಲಿಕ್ಕತ್ಯಾರ.